ಏನೂ ಆಗದ ಟೆಸ್ಟ್ ಟ್ಯೂಬ್

ಹಳೆಯ ವಿದ್ಯಾರ್ಥಿಗಳು ಕಾಲೇಜಿನ ನೆನಪು ಬರೆಯಿರಿ ಅಂದರೆ ಸಾಮಾನ್ಯವಾಗಿ ವಾರ್ಷಿಕೋತ್ಸವ, ಕ್ರೀಡಾಕೂಟ, ಗೆಳೆಯರ ತರಲೆ ಇವೇ ಬರುತ್ತವೆ. ನಾನು ಬಯಾಲಜಿ ಲ್ಯಾಬ್ ಬಗ್ಗೆ ಬರೆಯುತ್ತೇನೆ. ಅದರಲ್ಲೂ ಮೊದಲ ವರ್ಷದ ಲ್ಯಾಬ್. ಅಸ್ಥಿಪಂಜರ, ಫಾರ್ಮಲಿನ್ ಬಾಟಲಿ ಎಲ್ಲ ಆಮೇಲೆ ಬಂದವು, ಅವು ಅಷ್ಟೇನೂ ನೆನಪಿಲ್ಲ. ನೆನಪಿರುವುದು ಬಣ್ಣ ಬದಲಾಗುವ ಟೆಸ್ಟ್ ಟ್ಯೂಬ್‌ಗಳು. ಅದಕ್ಕಿಂತ ಜಾಸ್ತಿ ನೆನಪಿರುವುದು, ಪಕ್ಕದಲ್ಲಿ ಬಣ್ಣ ಬದಲಾಗದೆ ಸುಮ್ನೆ ನಿಂತಿರುತ್ತಿದ್ದ ಒಂದು ಟ್ಯೂಬ್.

ಅದರಲ್ಲಿ ಇರುತ್ತಿದ್ದದ್ದು ಬರೀ ಡಿಸ್ಟಿಲ್ಡ್ ವಾಟರ್. ಯಾವ ಪರೀಕ್ಷೆ ಮಾಡಿದರೂ ಸ್ಟ್ಯಾಂಡಿನ ಒಂದು ತುದಿಯಲ್ಲಿ ಅದು ಇರಲೇಬೇಕು, ಇದು ಮೇಡಂ ಹಾಕಿದ್ದ ನಿಯಮ. ಪಿಷ್ಟಕ್ಕೆ ಅಯೋಡಿನ್ ಬಿಟ್ಟರೆ ಕಡು ನೀಲಿ ಬರುತ್ತದೆ, ನೋಡಲು ಖುಷಿ. ನೀರಿಗೆ ಬಿಟ್ಟರೆ ಏನು ಬರುತ್ತದೆ? ಅಯೋಡಿನ್ನಿನದೇ ತೆಳು ಹಳದಿ. ಗೊತ್ತಿರುವುದನ್ನು ಮತ್ತೆ ಯಾಕೆ ಮಾಡಬೇಕು ಅಂತ ನಾವೆಲ್ಲ ಗೊಣಗುತ್ತಿದ್ದೆವು. ಮೇಡಂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನೀಲಿ ಬಂದದ್ದು ಪಿಷ್ಟದಿಂದಲೇ ಅಂತ ಹೇಗೆ ಹೇಳ್ತೀರಿ? ಟ್ಯೂಬನ್ನು ಸರಿಯಾಗಿ ತೊಳೆದಿರಲಿಲ್ಲವೇನೋ. ನೀರಲ್ಲೇ ಏನಾದರೂ ಇತ್ತೇನೋ." ಇದಕ್ಕೆ ಉತ್ತರ ಕೊಡಲು ಆ ನೀರಿನ ಟ್ಯೂಬ್ ಬಿಟ್ಟರೆ ನಮ್ಮ ಹತ್ತಿರ ಬೇರೇನೂ ಇರಲಿಲ್ಲ.

ವೈಜ್ಞಾನಿಕ ವಿಧಾನ ಅಂತ ಪುಸ್ತಕದಲ್ಲಿ ಒಂದು ಪಾಠ ಇತ್ತು. ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ, ಬಾಣದ ಗುರುತು ಹಾಕಿ ಮೇಲಿಂದ ಕೆಳಗೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಅದನ್ನೇ ಕೇಳುತ್ತಿದ್ದರು, ನಾವು ಒಪ್ಪಿಸುತ್ತಿದ್ದೆವು. ನನ್ನನ್ನು ಕೇಳಿದರೆ ಆ ಬಾಣಗಳಿಂದ ಯಾರೂ ಏನೂ ಕಲಿತಿಲ್ಲ. ಕಲಿತದ್ದು ಮೇಡಂ ಹೇಳಿದ ಎರಡು ಕಥೆಗಳಿಂದ.

ಒಂದು ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿಯದು, 1668ರದ್ದು. ಕೊಳೆತ ಮಾಂಸದಲ್ಲಿ ಹುಳ ತಾನಾಗಿಯೇ ಹುಟ್ಟುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲ. ರೆಡಿ ಕೆಲವು ಜಾಡಿಗಳನ್ನು ತೆರೆದಿಟ್ಟ, ಕೆಲವನ್ನು ಮುಚ್ಚಿಟ್ಟ. ತೆರೆದದ್ದರಲ್ಲಿ ಹುಳ ಬಂತು, ಮುಚ್ಚಿದ್ದರಲ್ಲಿ ಬರಲಿಲ್ಲ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗಾಳಿ ಆಡಲಿಲ್ಲ, ಅದಕ್ಕೇ ಹುಳ ಬರಲಿಲ್ಲ ಅಂತ ಯಾರಾದರೂ ತಕರಾರು ತೆಗೆಯಬಹುದಲ್ವಾ? ಅದಕ್ಕಾಗಿ ಆತ ಜಾಡಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಮತ್ತೆ ನೋಡಿದ. ಗಾಳಿ ಹೋಗುತ್ತದೆ, ನೊಣ ಹೋಗುವುದಿಲ್ಲ. ಆಗಲೂ ಮಾಂಸದಲ್ಲಿ ಹುಳ ಇಲ್ಲ.

ಇನ್ನೊಂದು ವ್ಯಾನ್ ಹೆಲ್ಮಾಂಟ್ ಅನ್ನುವ ಹಳೆಯ ಕಾಲದ ವಿಜ್ಞಾನಿಯ ಕಥೆ. ಇದು ನನಗೆ ಹೆಚ್ಚು ಇಷ್ಟ, ಯಾಕೆಂದರೆ ಇಲ್ಲಿ ಅಳತೆ ಎಲ್ಲ ಸರಿ, ತೀರ್ಮಾನ ಮಾತ್ರ ತಪ್ಪು. 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡ್ ತೂಕದ ಒಂದು ವಿಲ್ಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ. ಗಿಡ ಸುಮಾರು 169 ಪೌಂಡ್ ಆಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು ಸುಮಾರು 2 ಔನ್ಸ್. ಹಾಗಾದರೆ ಮರವೆಲ್ಲ ನೀರಿನಿಂದಲೇ ಆಗಿದ್ದು ಅಂತ ಆತ ಹೇಳಿದ. ಗಾಳಿಯಿಂದ ಗಿಡ ಏನಾದರೂ ತೆಗೆದುಕೊಳ್ಳಬಹುದು ಅಂತ ಹೊಳೆಯಲೇ ಇಲ್ಲ. ಮರ ಸುಟ್ಟಾಗ ಹೊರಬರುವ ಅನಿಲದ ಬಗ್ಗೆ ಬರೆದವನೂ ಇವನೇ, ಗಿಡ ಗಾಳಿಯಿಂದ ತೆಗೆದುಕೊಳ್ಳುವುದೂ ಅದನ್ನೇ ಅನ್ನುವುದು ಇನ್ನೂ ವಿಚಿತ್ರ.

ಇಷ್ಟೆಲ್ಲ ಕೇಳಿದ ಮೇಲೆ ರೆಕಾರ್ಡ್ ಬರೆಯುವುದು ಕಷ್ಟವಾಯಿತು. ಅದರಲ್ಲಿ ಅಬ್ಸರ್ವೇಶನ್‌ಗೆ ಒಂದು ಕಾಲಂ, ಇನ್ಫರೆನ್ಸ್‌ಗೆ ಇನ್ನೊಂದು. ಅಬ್ಸರ್ವೇಶನ್ ಕಾಲಂನಲ್ಲಿ ಯಾರಾದರೂ 'ಪಿಷ್ಟ ಇದೆ' ಅಂತ ಬರೆದರೆ ಕೆಂಪು ಇಂಕಿನ ಗೀಟು ಗ್ಯಾರಂಟಿ. "ಪಿಷ್ಟ ಕಣ್ಣಿಗೆ ಕಾಣಿಸಿತಾ? ಕಾಣಿಸಿದ್ದು ನೀಲಿ ಬಣ್ಣ. ಅದನ್ನು ಬರೆಯಿರಿ. ಪಿಷ್ಟ ಪಕ್ಕದ ಕಾಲಂಗೆ." ಆಗ ಇದು ಬರೀ ಕಿರಿಕಿರಿ ಅನಿಸುತ್ತಿತ್ತು. ಸಕ್ಕರೆ ಪತ್ತೆ ಹಚ್ಚುವ ಬೆನೆಡಿಕ್ಟ್ ಟೆಸ್ಟ್ ಮಾಡುವವರೆಗೆ.

ಬೆನೆಡಿಕ್ಟ್ ದ್ರಾವಣ ತಿಳಿ ನೀಲಿ, ಅದರಲ್ಲಿ ತಾಮ್ರದ ಲವಣ ಇರುತ್ತದೆ. ಗ್ಲೂಕೋಸ್ ಜೊತೆ ಸೇರಿಸಿ ಕುದಿಯುವ ನೀರಿನಲ್ಲಿ ಟ್ಯೂಬ್ ಇಟ್ಟರೆ ಮೊದಲು ಹಸಿರು ಛಾಯೆ, ಆಮೇಲೆ ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಗ್ಲೂಕೋಸ್ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ, ತಾಮ್ರದ ಕೆಂಪು ಆಕ್ಸೈಡ್ ತಳಕ್ಕೆ ಇಳಿಯುತ್ತದೆ. ಒಂದು ದಿನ ಮೇಡಂ ಹೆಸರಿಲ್ಲದ ಬಾಟಲಿ ಕೊಟ್ಟರು. ಕುದಿಸಿದೆವು, ಇನ್ನೂ ಕುದಿಸಿದೆವು, ನೀಲಿ ನೀಲಿಯಾಗೇ ಉಳಿಯಿತು. ಇಡೀ ಬ್ಯಾಚ್ 'ಸಕ್ಕರೆ ಇಲ್ಲ' ಅಂತ ಬರೆಯಿತು. ಮೇಡಂ ಏನೂ ಹೇಳಲಿಲ್ಲ. ಅದೇ ಬಾಟಲಿಯಿಂದ ಇನ್ನೊಂದು ಟ್ಯೂಬಿಗೆ ಹಾಕಿ, ಕೆಲವು ಹನಿ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟು ಕುದಿಸಿ, ತಣ್ಣಗಾದ ಮೇಲೆ ನೊರೆ ನಿಲ್ಲುವವರೆಗೆ ಸೋಡಿಯಂ ಬೈಕಾರ್ಬೊನೇಟ್ ಹಾಕಿ, ಮತ್ತೆ ಬೆನೆಡಿಕ್ಟ್ ಟೆಸ್ಟ್ ಮಾಡಿ ಅಂದರು. ಮಾಡಿದೆವು. ಇಟ್ಟಿಗೆ ಕೆಂಪು!

ಬಾಟಲಿಯಲ್ಲಿ ಇದ್ದದ್ದು ದಿನಾ ಬಳಸುವ ಸಕ್ಕರೆ, ಅಂದರೆ ಸುಕ್ರೋಸ್. ಅದರಲ್ಲಿ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್. ತಾಮ್ರದ ಜೊತೆ ವರ್ತಿಸಬೇಕಾದ ತುದಿಗಳಲ್ಲೇ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ಹಾಗಾಗಿ ತಾಮ್ರಕ್ಕೆ ಕೊಡಲು ಏನೂ ಉಳಿದಿಲ್ಲ. ಆಸಿಡ್ ಹಾಕಿ ಕುದಿಸಿದಾಗ ಆ ಜೋಡಣೆ ಮುರಿಯುತ್ತದೆ. ನೀಲಿ ಉಳಿದದ್ದನ್ನು ನೋಡಿ ಹೇಳಬಹುದಾಗಿದ್ದದ್ದು 'ರೆಡ್ಯೂಸಿಂಗ್ ಸಕ್ಕರೆ ಇಲ್ಲ', ಅಂದರೆ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡಬಲ್ಲ ಸಕ್ಕರೆ ಇಲ್ಲ ಅಂತ ಮಾತ್ರ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಕೆಂಪು ಆಸಿಡ್‌ನಿಂದಲೇ ಬಂದಿದ್ದರೆ?" ಅಂತ ಕೇಳಿದಳು. ಮೇಡಂ ಮುಖ ಅರಳಿದ್ದು ನೋಡಬೇಕಿತ್ತು. ಬರೀ ನೀರಿಗೆ ಅದೇ ಆಸಿಡ್, ಅದೇ ಬೈಕಾರ್ಬೊನೇಟ್, ಅದೇ ಬೆನೆಡಿಕ್ಟ್. ಕುದಿಸಿದರೂ ನೀಲಿ. ಆವತ್ತಿನಿಂದ ನೀರಿನ ಟ್ಯೂಬ್ ಬಗ್ಗೆ ಯಾರೂ ಗೊಣಗಲಿಲ್ಲ.

ಪ್ರೋಟೀನಿಗೆ ಬೈಯುರೆಟ್ ಟೆಸ್ಟ್, ನೇರಳೆ ಬಣ್ಣ. ಕೊಬ್ಬಿಗೆ ಸುಡಾನ್ ಅನ್ನುವ ವರ್ಣಕ, ಕೆಂಪು. ಇವು ಸಲೀಸಾಗಿ ಮುಗಿದವು, ಹೇಳಲು ಹೆಚ್ಚೇನಿಲ್ಲ. ಸಿಲಬಸ್ಸಿನಲ್ಲಿ ಇಲ್ಲದ ಒಂದನ್ನು ಮಾತ್ರ ಹೇಳಲೇಬೇಕು, ಅದನ್ನು ತೋರಿಸಿದವರು ಲ್ಯಾಬ್ ಅಟೆಂಡರ್ ಅಣ್ಣ. ಅಯೋಡಿನ್ ಹಾಕಿ ನೀಲಿಯಾದ ಪಿಷ್ಟದ ಟ್ಯೂಬನ್ನು ಹೋಲ್ಡರಿನಲ್ಲಿ ಹಿಡಿದು ಬಿಸಿ ಮಾಡುತ್ತಿದ್ದರು. ಬಣ್ಣ ಮಾಯ. ನಲ್ಲಿ ನೀರಿನ ಕೆಳಗೆ ಹಿಡಿದರೆ ತಳದಿಂದ ಮೇಲಕ್ಕೆ ನೀಲಿ ವಾಪಸ್. ಪಿಷ್ಟದ ಸರಪಳಿ ಸ್ಪ್ರಿಂಗ್ ಥರ ಸುತ್ತಿಕೊಂಡಿರುತ್ತದೆ, ಅಯೋಡಿನ್ ಒಳಗೆ ಕೂತಾಗ ನೀಲಿ. ಬಿಸಿಗೆ ಸುರುಳಿ ಸಡಿಲವಾಗಿ ಅಯೋಡಿನ್ ಹೊರಬರುತ್ತದೆ, ತಣ್ಣಗಾದಾಗ ಮತ್ತೆ ಒಳಗೆ. "ಪಿಷ್ಟ ಎಲ್ಲಿಗೂ ಹೋಗಿರಲಿಲ್ಲ ಕಣ್ರೋ, ಬಣ್ಣ ಅಷ್ಟೇ ಹೋಗಿದ್ದು" ಅನ್ನುತ್ತಿದ್ದರು ಅಣ್ಣ. ಎರಡು ಕಾಲಂಗಳ ವ್ಯತ್ಯಾಸವನ್ನು ಇಷ್ಟು ಚೆನ್ನಾಗಿ ಬೇರೆ ಯಾರೂ ನನಗೆ ಹೇಳಿಲ್ಲ.

ಜೊಲ್ಲಿನ ಪ್ರಯೋಗದಲ್ಲಿ ಜಗಳವೇ ಆಯಿತು. ಪಿಷ್ಟಕ್ಕೆ ತಮ್ಮ ತಮ್ಮ ಜೊಲ್ಲು ಸೇರಿಸಿ 37 ಡಿಗ್ರಿಯಲ್ಲಿ ಇಟ್ಟು, ನಿಮಿಷಕ್ಕೊಂದು ಹನಿ ತೆಗೆದು ಅಯೋಡಿನ್‌ಗೆ ಹಾಕಬೇಕು. ನೀಲಿ ಬರುವುದು ನಿಂತರೆ ಪಿಷ್ಟವನ್ನು ಜೊಲ್ಲಿನ ಅಮೈಲೇಸ್ ಅನ್ನುವ ಕಿಣ್ವ (ಎಂಜೈಮ್) ಒಡೆದು ಮುಗಿಸಿದೆ ಅಂತ. ಒಬ್ಬರಿಗೆ ಬಂದ ಸಮಯ ಇನ್ನೊಬ್ಬರಿಗೆ ಬರಲಿಲ್ಲ. ಕೆಲವರು ಪಕ್ಕದವರ ಅಂಕಿಗೆ ತಮ್ಮ ಅಂಕಿ ಹೊಂದಿಸತೊಡಗಿದರು. ಮೇಡಂ ಆವತ್ತು ಮಾತ್ರ ನಿಜವಾಗಿ ಸಿಟ್ಟಾದರು. ಜನ ಬೇರೆ ಬೇರೆ ಇರುವಾಗ ಅಂಕಿ ಒಂದೇ ಬಂದರೆ ಅನುಮಾನ ಬರಬೇಕಾದದ್ದು ಆಗ. ಕುದಿಸಿದ ಜೊಲ್ಲು ಹಾಕಿದ ಟ್ಯೂಬ್ ಮಾತ್ರ ಎಲ್ಲರದ್ದೂ ಕೊನೆಯವರೆಗೂ ನೀಲಿಯೇ ತೋರಿಸಿತು.

ಜೀವಕೋಶದೊಳಗಿನ ರಸಾಯನಕ್ಕೆ ಯಾವುದೋ ವಿಶೇಷ ಜೀವಶಕ್ತಿ ಬೇಕು ಅಂತ ಒಂದು ಕಾಲದಲ್ಲಿ ನಂಬಿದ್ದರಂತೆ. ದೇಹದೊಳಗೆ ತಯಾರಾಗುವ ಯೂರಿಯಾವನ್ನು ವ್ಯೋಲರ್ ಅನ್ನುವ ರಸಾಯನ ವಿಜ್ಞಾನಿ 1828ರಲ್ಲಿ ಲ್ಯಾಬಿನಲ್ಲೇ ಮಾಡಿ ತೋರಿಸಿದ. 1897ರಲ್ಲಿ ಬುಕ್ನರ್ ಅನ್ನುವ ಇನ್ನೊಬ್ಬ ವಿಜ್ಞಾನಿ ಯೀಸ್ಟನ್ನು ಅರೆದು ಹಿಂಡಿ, ಒಂದೂ ಜೀವಂತ ಕೋಶ ಇಲ್ಲದ ರಸದಿಂದ ಸಕ್ಕರೆ ಹುದುಗುವುದನ್ನು ಕಂಡ. ಅದಕ್ಕೆ 1907ರಲ್ಲಿ ನೊಬೆಲ್ ಬಂತು. ಟ್ಯೂಬಿನಲ್ಲಿ ಜೊಲ್ಲು ಕೆಲಸ ಮಾಡುವುದನ್ನು ನೋಡಿದ್ದ ನಮಗೆ ಇದು ದೊಡ್ಡ ಆಶ್ಚರ್ಯ ಅನಿಸಲೇ ಇಲ್ಲ.

ವರ್ಷದ ಕೊನೆಗೆ ಮೇಡಂ ನಮಗೇ ಒಂದು ಪ್ರಶ್ನೆ ಹುಡುಕಿಕೊಳ್ಳಿ ಅಂದರು. ಹಸಿ ಆಲೂಗಡ್ಡೆ ಚೂರನ್ನು ಹೈಡ್ರೋಜನ್ ಪೆರಾಕ್ಸೈಡ್‌ಗೆ ಹಾಕಿದರೆ ಕ್ಯಾಟಲೇಸ್ ಕಿಣ್ವದಿಂದ ಆಮ್ಲಜನಕದ ಗುಳ್ಳೆ ಬರುತ್ತವೆ. ಬೇಯಿಸಿದ ಚೂರಿಗೆ ಬರುವುದಿಲ್ಲ. ಹಾಗಾದರೆ ಫ್ರೀಜರಿನಲ್ಲಿ ಇಟ್ಟದ್ದಕ್ಕೆ? ಅದಕ್ಕೂ ಬರುವುದಿಲ್ಲ ಅಂತ ನಮ್ಮ ಗುಂಪಿನ ಊಹೆ. ಹೆಪ್ಪುಗಟ್ಟಿದ್ದ ಚೂರು ಕರಗಿದ ಮೇಲೆ ಹಾಕಿದರೆ ನೊರೆ ಟ್ಯೂಬಿನ ಬಾಯಿಯವರೆಗೆ ಬಂತು. ಅತಿ ಶಾಖಕ್ಕೆ ಕಿಣ್ವದ ಆಕಾರವೇ ಕೆಡುತ್ತದೆ, ಚಳಿಗೆ ಅದು ನಿಧಾನ ಆಗುತ್ತದೆ ಅಷ್ಟೇ. ಮೇಲಾಗಿ ಮಂಜಿನ ಹರಳುಗಳು ಕೋಶಗಳನ್ನು ಒಡೆದು ಕಿಣ್ವವನ್ನು ಹೊರಗೆ ಬಿಟ್ಟಿರುತ್ತವೆ.

ಈಗ ಓದುತ್ತಿರುವವರು ಇದನ್ನು ಮಾಡುವುದಾದರೆ ಒಂದು ಮಾತು. ಪೆರಾಕ್ಸೈಡ್ ಬೆಳಕಿಗೆ ತಾನಾಗಿಯೇ ಒಡೆಯುತ್ತದೆ, ಕಂದು ಬಾಟಲಿಯಲ್ಲಿ ಇಟ್ಟರೂ ಹಳೆಯದಾದರೆ ಸತ್ವ ಹೋಗುತ್ತದೆ. ಮೊದಲು ಹಸಿ ಚೂರೊಂದನ್ನು ಹಾಕಿ ಗುಳ್ಳೆ ಬರುತ್ತವಾ ನೋಡಿಕೊಳ್ಳಿ. ಬರದಿದ್ದರೆ ಬೇಯಿಸಿದ್ದನ್ನು ಹಾಕಿ ಪ್ರಯೋಜನವಿಲ್ಲ, ಹೊಸ ಬಾಟಲಿ ಕೇಳಿ.