ಟ್ರಂಕ್ ಕಾಲ್ ಬುಕ್ ಮಾಡಿ ಕೂತವರಿಗೆ ಎಂಥ ಹೇಳ್ಬೇಕು

ಉಡುಪಿ ಹತ್ರದ ಒಂದು ಸಣ್ಣ ಪೇಟೆಯ ಎಕ್ಸ್‌ಚೇಂಜಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ, ಮ್ಯಾಗ್ನೆಟೋ ಬೋರ್ಡಿನ ಕಾಲ. ಮನೆಯಲ್ಲಿ ಯಾರಾದ್ರೂ ಫೋನಿನ ಹ್ಯಾಂಡಲ್ ತಿರುಗಿಸಿದ್ರೆ ಬೋರ್ಡಲ್ಲಿ ಅವರ ನಂಬರಿನ ಸಣ್ಣ ಮುಚ್ಚಳ ಟಪ್ಪಂತ ಬೀಳ್ತಿತ್ತು, ಅಲ್ಲಿಗೆ ಕಾರ್ಡ್, ಅಂದ್ರೆ ಪ್ಲಗ್ ಇರುವ ವಯರ್, ಚುಚ್ಚಿ ಯಾರು ಬೇಕು ಕೇಳೋದು, ಜೋಡಿ ಕಾರ್ಡನ್ನು ಆ ನಂಬರಿಗೆ ಚುಚ್ಚಿ ರಿಂಗ್ ಕೊಡೋದು. ಲೋಕಲ್ ಕಾಲ್ ಅಂದ್ರೆ ಇಷ್ಟೇ, ಬೇಗ ಕೈಗೆ ಬರ್ತದೆ. (ತುಳುವಲ್ಲಿ ನಂಬರ್ ಹೇಳಿದ್ರೆ ಮಾತ್ರ ಮಳೆಯ ಗರಗರದಲ್ಲಿ ಮೂಜಿಯೂ (ಮೂರು) ಆಜಿಯೂ (ಆರು) ಒಂದೇ ಥರ ಕೇಳ್ತದೆ, ತಿರುಗಿ ಕೇಳ್ಲೇಬೇಕು.)

ಕಷ್ಟ ಇದ್ದದ್ದು ಟ್ರಂಕ್ ಕಾಲಲ್ಲಿ, ಅಂದ್ರೆ ದೂರದ ಊರಿಗೆ ನಮ್ಮ ಹತ್ರ ಬುಕ್ ಮಾಡಿ ಕಾದು ಮಾತಾಡುವ ಕಾಲಲ್ಲಿ. ನಮ್ಮ ಕಡೆಯ ಹುಡುಗ್ರು ತುಂಬ ಜನ ಬೊಂಬಾಯಿ ಹೋಟ್ಲಲ್ಲಿ, ಹಾಗಾಗಿ ಬುಕಿಂಗ್ ಹೆಚ್ಚಿನದ್ದೂ ಅಲ್ಲಿಗೇ, ಅದೂ ಪಿಪಿ ಕಾಲ್, ಅಂದ್ರೆ ಇಂಥವರೇ ಲೈನಿಗೆ ಬರ್ಬೇಕು, ಬಂದ್ಮೇಲೆ 3 ನಿಮಿಷದ ಲೆಕ್ಕ ಶುರು. ಫೋನ್ ಇರುದು ಗಲ್ಲಾದಲ್ಲಿ, ಹುಡುಗ ಒಳಗೆ ಅಡಿಗೆ ಕೋಣೆಯಲ್ಲಿ. ಮೊದ್ಲು ನಮಗೆ ಮಂಗ್ಳೂರು ಎಕ್ಸ್‌ಚೇಂಜ್ ಸಿಗ್ಬೇಕು, ಅವರಿಗೆ ಬೊಂಬಾಯಿ ಸಿಗ್ಬೇಕು. ಅರ್ಜೆಂಟಿಗೆ ಡಬಲ್ ಚಾರ್ಜ್ ಕೊಟ್ರೂ ಮಳೆಗಾಲದಲ್ಲಿ ತೆಂಗಿನ ಮಡಲು ತಂತಿ ಮೇಲೆ ಬಿದ್ರೆ ಎಲ್ಲವೂ ಬಂದ್.

ಕೌಂಟರಲ್ಲಿ ಬಂದು ಕೂತವರಿಗೆ "ಈಗ ಆಗ್ತದೆ, ಕೂತ್ಕೊಳ್ಳಿ" ಹೇಳೋದು ಸುಲಭ, ಕೇಳ್ಲಿಕ್ಕೂ ಚಂದ. ನನಗೆ ಕೆಲಸ ಕಲಿಸಿದ ಸೀನಿಯರ್ ಅಕ್ಕ ಒಬ್ರು ಅದನ್ನು ಹೇಳ್ಲಿಕ್ಕೇ ಬಿಡ್ತಿರ್ಲಿಲ್ಲ. ಒಮ್ಮೆ ಒಬ್ರು ಅಮ್ಮ ಮಗನಿಗೆ ಅರ್ಜೆಂಟ್ ಕಾಲ್ ಹಾಕಿ ಒದ್ದೆ ಸೀರೆಯಲ್ಲೇ ಬೆಂಚಲ್ಲಿ ಕೂತಿದ್ರು. ಅಕ್ಕ ಹೆಡ್‌ಸೆಟ್ ತೆಗ್ದು ಹೊರಗೆ ಬಂದು, "ಅಮ್ಮ, ಲೈನ್ ಕಟ್ಟಾಗಿದೆ, ಲೈನ್‌ಮ್ಯಾನ್ ಹೋಗಿದ್ದಾರೆ, ಇವತ್ತು ಆಗ್ಲಿಕ್ಕಿಲ್ಲ. ನಿಮ್ಮ ಕೊನೆ ಬಸ್ಸು ತಪ್ಪಿಸ್ಕೊಳ್ಬೇಡಿ, ಬೆಳಿಗ್ಗೆ ಲೈನ್ ಬಂದ ಕೂಡ್ಲೇ ನಿಮ್ಮದೇ ಹಾಕ್ತೇವೆ" ಅಂದ್ರು. ಆ ಅಮ್ಮನ ಮುಖ ಸಣ್ಣದಾಯ್ತು, ಆದ್ರೆ ಬಸ್ಸು ಸಿಕ್ಕಿತು. "ಈಗ ಆಗ್ತದೆ" ಅಂತ ಕೂರಿಸಿದ್ರೆ ರಾತ್ರಿ ಎಲ್ಲಿಗೆ ಹೋಗ್ಬೇಕಿತ್ತು ಅವರು?

ಮನೆಯಿಂದ ಬುಕ್ ಮಾಡಿದವರಿಗೂ ಹಾಗೆಯೇ, ನಾವೇ ರಿಂಗ್ ಮಾಡಿ "ಮಂಗ್ಳೂರು ಸಿಕ್ಕಿದೆ, ನಿಮ್ಮ ಮುಂದೆ ಇನ್ನೂ ಕಾಲ್ ಉಂಟು, ಊಟ ಮಾಡಿ ಬನ್ನಿ" ಅಂದ್ರೆ ಅವರು ಗಳಿಗೆಗೊಮ್ಮೆ ಹ್ಯಾಂಡಲ್ ತಿರುಗಿಸ್ತಿರ್ಲಿಲ್ಲ, ಬೋರ್ಡೂ ಫ್ರೀ ಇರ್ತಿತ್ತು.

1984ರಲ್ಲಿ ಶುರುವಾದ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಆಮೇಲೆ ನಮ್ಮ ಪೇಟೆಗೂ ಬಂತು, ನನ್ನನ್ನು 198ಕ್ಕೆ, ಅಂದ್ರೆ ಫೋನ್ ಹಾಳಾದ್ರೆ ಕಂಪ್ಲೇಂಟ್ ಕೊಡುವ ನಂಬರಿಗೆ, ಹಾಕಿದ್ರು. ಅಲ್ಲಿಯೂ ಕೇಬಲ್ ಫಾಲ್ಟ್ ಆದ್ರೆ ಎರಡು ದಿನ ಬೇಕು ಅಂತ ಸೀದಾ ಹೇಳ್ತಿದ್ದೆ. ಬೈತಿದ್ರು ಮಾರಾಯ್ರೆ, ಆದ್ರೆ ಬೈದು ಮುಗಿಸಿ ಪಕ್ಕದ ಮನೆ ನಂಬರನ್ನು ಬೊಂಬಾಯಿಯವರಿಗೆ ಕೊಟ್ಟು ತಮ್ಮ ದಾರಿ ನೋಡ್ಕೊಳ್ತಿದ್ರು.