ಚಂದ್ರಶಿಲಾ ಹತ್ತುವ ಯೋಚನೆ ಇದ್ದರೆ, ಹುಬ್ಬಳ್ಳಿ ಬಿಡೋ ಮುಂಚೆ ಇಷ್ಟು ಓದಿ

ಉತ್ತರಾಖಂಡದ ತುಂಗನಾಥ ಅನ್ನೋ ಶಿವನ ಗುಡಿಗೆ ಹೋಗಬೇಕು ಅಂತ ಮೊದಲು ಹಟ ಹಿಡಿದಿದ್ದು ನಮ್ಮ ಕಾಕಾ. ದರ್ಶನ ಅವರಿಗೆ, ಅದರ ಮೇಲಿನ ಚಂದ್ರಶಿಲಾ ಶಿಖರ ನಮಗೆ ಅಂತ ಮಾತಾಯಿತು. ದಸರಾ ರಜೆ ಹಿಡಿದು ಹುಬ್ಬಳ್ಳಿಯಿಂದ ನಾಲ್ಕು ಜನ ಹೊರಟೆವು.

ದೂರ ನೋಡಿದರೆ ಇದೇನು ಮಹಾ ಅನಿಸುತ್ತದೆ. ಗಾಡಿ ರಸ್ತೆ ಬಿಟ್ಟು ಹತ್ತಲು ಶುರು ಮಾಡುವ ಚೋಪ್ತಾದಿಂದ ತುಂಗನಾಥಕ್ಕೆ ಸುಮಾರು 4 ಕಿ.ಮೀ., ಕಲ್ಲು ಹಾಸಿದ ದಾರಿ. ಅಲ್ಲಿಂದ ತುದಿಗೆ ಇನ್ನೊಂದು-ಒಂದೂವರೆ ಕಿ.ಮೀ. ಕಾಲುದಾರಿ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮೇ 1,507 ಮೀಟರ್ ಉದ್ದ ಇದೆ, ಬ್ಯಾಗ್ ಹೊತ್ತು ಈ ತುದಿಯಿಂದ ಆ ತುದಿಗೆ ನಡೆದರೂ ಇಪ್ಪತ್ತು ನಿಮಿಷ ಆಗೋದಿಲ್ಲ. ತುಂಗನಾಥದಿಂದ ಶಿಖರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ನಮಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.

ಅದಕ್ಕೇ ಕಿಲೋಮೀಟರ್ ಲೆಕ್ಕ ಬಿಡಿ, ಎತ್ತರದ ಲೆಕ್ಕ ಹಾಕಿ. ಹುಬ್ಬಳ್ಳಿ ಇರುವುದು 600 ಚಿಲ್ಲರೆ ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯಕ್ಕೆಲ್ಲ ಎತ್ತರದ ಮುಳ್ಳಯ್ಯನಗಿರಿಯೇ 2,000 ಮುಟ್ಟೋದಿಲ್ಲ. ಚೋಪ್ತಾದಲ್ಲಿ ಗಾಡಿ ಇಳಿದಾಗಲೇ ನೀವು 2,600 ದಾಟಿರುತ್ತೀರಿ. ತುಂಗನಾಥ ಸುಮಾರು 3,680, ಚಂದ್ರಶಿಲಾ 4,000ದ ಹತ್ತಿರ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ಮಟ್ಟದಲ್ಲಿ ಸಿಗುವುದರ 60 ಪರ್ಸೆಂಟ್ ಅಷ್ಟೇ.

ನಾವು ಎಡವಿದ್ದು ಇಲ್ಲೇ. ಬೆಳಗ್ಗೆ ಋಷಿಕೇಶ ಬಿಟ್ಟು ದೇವಪ್ರಯಾಗ, ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲದ್ದು), ರುದ್ರಪ್ರಯಾಗ, ಊಖೀಮಠ ಅಂತ 200 ಕಿ.ಮೀ. ತಿರುವು ರಸ್ತೆಯಲ್ಲಿ ಒಂದೇ ದಿನ ಕುಲುಕಾಡಿಸಿಕೊಂಡು, ರಾತ್ರಿ ಚೋಪ್ತಾ ಸೇರಿ, ಮರುದಿನ ನಸುಕಿನ ನಾಲ್ಕಕ್ಕೇ ಹತ್ತಲು ಶುರು ಮಾಡಿದೆವು. ಜೊತೆಗಿದ್ದ ಗೆಳೆಯ ದಿನಾ ನೃಪತುಂಗ ಬೆಟ್ಟ ಹತ್ತುವವನು, ದಮ್ ಇದೆ ಅಂತ ಮುಂದೆ ಮುಂದೆ ಓಡಿದ. ಗುಡಿ ಮುಟ್ಟುವಷ್ಟರಲ್ಲಿ ತಲೆ ಸಿಡಿತ, ಎರಡು ಸಲ ವಾಂತಿ. ಅರವತ್ತರ ಹತ್ತಿರ ಇರುವ ಕಾಕಾ ಹತ್ತು ಹೆಜ್ಜೆಗೊಮ್ಮೆ ನಿಂತು, ಕೋಲು ಊರಿ, ಚಾ ಕುಡಿದು, ಅರ್ಧ ಗಂಟೆ ತಡವಾಗಿ ಬಂದರು. ಅವರಿಗೆ ಏನೂ ಆಗಿರಲಿಲ್ಲ. ಅವನ ಮುಖ ನೋಡಿ, "ತಮ್ಮಾ, ಇನ್ ಸಾಕು, ಇಳಿಯೋಣು ನಡಿ" ಅಂದರು. ದರ್ಶನ ಮುಗಿಸಿ ಇಬ್ಬರೂ ಕೆಳಗಿಳಿದರು. ಸಾವಿರ ಮೀಟರ್ ಇಳಿದ ಮೇಲೆ ಅವನ ತಲೆನೋವು ತಾನಾಗೇ ಕಡಿಮೆಯಾಯಿತಂತೆ. ತಲೆನೋವಿನ ಜೊತೆ ವಾಂತಿ ಬಂತು ಅಂದರೆ ಇದೇ ದಾರಿ, ಮೇಲೆ ಹೋಗಬಾರದು. ಮೊದಲೇ ಮಾತ್ರೆ ತೆಗೆದುಕೊಳ್ಳಬೇಕಾ ಬೇಡವಾ ಅನ್ನೋದನ್ನು ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿ, ಬಿಪಿ ಇದ್ದವರಂತೂ ಕೇಳಲೇಬೇಕು.

ಮತ್ತೊಮ್ಮೆ ಹೋದರೆ ನಾನು ಎರಡು ರಾತ್ರಿ ಮಧ್ಯೆ ಸೇರಿಸುತ್ತೇನೆ. ಒಂದು ಊಖೀಮಠದಲ್ಲಿ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯೋದು ಅಲ್ಲಿನ ಓಂಕಾರೇಶ್ವರ ಗುಡಿಯಲ್ಲಿ, ಕೇದಾರದ ರಾವಲರು, ಅಂದರೆ ಅಲ್ಲಿನ ಮುಖ್ಯ ಗುರುಗಳು, ನಮ್ಮ ಕಡೆಯ ವೀರಶೈವ ಜಂಗಮ ಪರಂಪರೆಯವರು. ಹಾಗಾಗಿ ಆ ಊರಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯ ಪಡಬೇಡಿ, ಕಾಕಾ ಅಂತೂ ಗಾಡಿ ಹತ್ತೋಕೇ ತಯಾರಿರಲಿಲ್ಲ. ಇನ್ನೊಂದು ರಾತ್ರಿ ಸಾರಿ ಅನ್ನೋ ಹಳ್ಳಿಯಲ್ಲಿ. ಅಲ್ಲಿಂದ ದೇವರಿಯಾ ತಾಲ್ ಕೆರೆಗೆ ಹತ್ತಿ ಇಳಿದರೆ ಕಾಲಿಗೂ ಪುಪ್ಪುಸಕ್ಕೂ ರೂಢಿಯಾಗುತ್ತದೆ. ಹುಬ್ಬಳ್ಳಿಯಿಂದ ಹುಬ್ಬಳ್ಳಿಗೆ, ರೈಲಿನಲ್ಲಾದರೆ, ಹತ್ತು ದಿನ ಇಟ್ಟುಕೊಳ್ಳಿ.

ಊರಲ್ಲಿ ತಯಾರಿ ಬೇಡ ಅಂತಲ್ಲ. ಒಂದೂವರೆ ತಿಂಗಳು ಮೊದಲೇ ಬೆನ್ನಿಗೆ ಐದು ಕೆಜಿ ಹಾಕಿಕೊಂಡು ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ. ಒಂದೆರಡು ಭಾನುವಾರ ಗದಗದ ಕಪ್ಪತಗುಡ್ಡಕ್ಕೂ ಹೋಗಿ ಬನ್ನಿ, ಅಲ್ಲಿನ ಗಾಳಿಯೇ ಒಂದು ಪಾಠ. 2019ರಿಂದ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ. ಹೊಸ ಶೂ ಇದ್ದರೆ ಇಲ್ಲೇ ಹಾಕಿ ಸವೆಸಿ. ನಾನು ಸುಮ್ನೆ ಡಬ್ಬಿಯಲ್ಲೇ ಇಟ್ಟು ಒಯ್ದೆ, ಬೊಬ್ಬೆ ಎದ್ದವು.

ಬಟ್ಟೆ ವಿಷಯ. ದಪ್ಪ ಸ್ವೆಟರ್ ಒಂದೇ ಹಾಕಬೇಡಿ, ತೆಳ್ಳಗಿನವು ಮೂರು ಹಾಕಿ. ಹತ್ತುವಾಗ ಸೆಕೆ ಆಗಿ ಬಿಚ್ಚುತ್ತೀರಿ, ನಿಂತ ಕೂಡಲೇ ನಡುಗುತ್ತೀರಿ. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಕುಡಿದು ಬೆನ್ನಿಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಕೈಗವಸು, ರೇನ್‌ಕೋಟ್, ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು. ಕಾಕಾ ತಂದಿದ್ದ ಮಂಕಿ ಕ್ಯಾಪ್ ನೋಡಿ ರೈಲಿನಲ್ಲಿ ನಕ್ಕಿದ್ದೆವು, ತುಂಗನಾಥದಲ್ಲಿ ಅದನ್ನೇ ಕೇಳಿ ಇಸಿದುಕೊಂಡೆ.

ಊಟದಲ್ಲಿ ಮಾತ್ರ ನಾವು ಗೆದ್ದೆವು. ಎತ್ತರದಲ್ಲಿ ಹಸಿವು ಸಾಯುತ್ತದೆ, ದಾರಿಯ ಅಂಗಡಿಗಳಲ್ಲಿ ಮ್ಯಾಗಿ ಬಿಟ್ಟರೆ ಹೆಚ್ಚೇನೂ ಕಾಣಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ಹತ್ತು ದಿನವೂ ಕೆಡಲಿಲ್ಲ. ರೊಟ್ಟಿ ಪುಡಿಯಾಯಿತು, ಅಷ್ಟೇ. ಅರ್ಧ ಹೋಳಿಗೆ ತಿಂದು ನೀರು ಕುಡಿದರೆ ಒಂದು ತಾಸು ಎಳೆಯಬಹುದು.

ಸೂರ್ಯೋದಯ ನೋಡಲೇಬೇಕಾ? ನನ್ನನ್ನು ಕೇಳಿದರೆ ಬೇಡ. ಕತ್ತಲಲ್ಲಿ ದಾರಿ ಏನೂ ಕಾಣೋದಿಲ್ಲ, ಚಳಿ ಜಾಸ್ತಿ, ಗಡಿಬಿಡಿ ಬೇರೆ. ಐದೂವರೆಗೆ ಹೊರಡಿ, ಒಂಬತ್ತೂವರೆಗೆಲ್ಲ ತುದಿಯಲ್ಲಿರುತ್ತೀರಿ. ಅದಕ್ಕಿಂತ ತಡ ಬೇಡ, ಹೊತ್ತೇರಿದ ಹಾಗೆ ಮೋಡ ಮುಚ್ಚುತ್ತದೆ. ನಮಗೆ 7,138 ಮೀಟರಿನ ಚೌಖಂಬಾ ಎದುರಿಗೇ ಸಿಕ್ಕಿತು, ದೂರದಲ್ಲಿ ನಂದಾದೇವಿ, ತ್ರಿಶೂಲ. ನಾನು, ನನ್ನ ಹೆಂಡತಿ ಇಪ್ಪತ್ತು ನಿಮಿಷ ಮಾತಾಡಲಿಲ್ಲ, ಸ್ವಲ್ಪ ಖುಷಿಗೆ, ಸ್ವಲ್ಪ ದಮ್ಮು ಹತ್ತಿ.

ಜುಲೈ, ಆಗಸ್ಟ್‌ನಲ್ಲಿ ಹೋಗಬೇಡಿ, ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತದೆ. ಚಳಿಗಾಲದಲ್ಲಿ ಗುಡಿ ಮುಚ್ಚಿ ದೇವರನ್ನು ಮಕ್ಕೂಮಠಕ್ಕೆ ಒಯ್ಯುತ್ತಾರೆ, ದಾರಿ ತುಂಬ ಹಿಮ. ಮೊದಲ ಸಲ ಹೋಗುವವರಿಗೆ ಮೇ ಅಥವಾ ಅಕ್ಟೋಬರ್ ಸರಿ. ಮನೆಯಲ್ಲಿ ವಯಸ್ಸಾದವರಿದ್ದರೆ ತುಂಗನಾಥದವರೆಗೆ ಕುದುರೆ ಸಿಗುತ್ತದೆ, ಅಲ್ಲಿಂದ ಮುಂದೆ ನಡೆಯಲೇಬೇಕು. ಚೋಪ್ತಾದಲ್ಲಿ ನಮ್ಮ ರೂಮಿಗೆ ಇದ್ದಿದ್ದು ಸೋಲಾರ್ ದೀಪ ಒಂದೇ, ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು. ಫೋನ್‌ಪೇ ನಂಬಿಕೊಂಡು ಹೋಗಬೇಡಿ, ರುದ್ರಪ್ರಯಾಗದಲ್ಲೇ ರೊಕ್ಕ ತೆಗೆದಿಟ್ಟುಕೊಳ್ಳಿ.