ಜನವರಿಯ ನಾರ್ವೆ

"ನಾರ್ವೆಗೆ ಬರೋದಾದ್ರೆ ಜನವರಿಯಲ್ಲೇ ಬನ್ನಿ" ಅಂತ ಓಸ್ಲೊದಲ್ಲಿ ಕೆಲಸ ಮಾಡುವ ನಮ್ಮ ಕಾಲೇಜಿನ ಗೆಳತಿ ಹಟ ಹಿಡಿದಿದ್ದಳು. ಸಾಮಾನ್ಯವಾಗಿ ಜನ ಹೋಗುವುದು ಜೂನ್, ಜುಲೈನಲ್ಲಿ. ಆಗ ಬೆಟ್ಟಗಳು ಹಸಿರಾಗಿರುತ್ತವೆ, ಉತ್ತರದ ಊರುಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಜನವರಿಯಲ್ಲಿ ಎಲ್ಲ ಉಲ್ಟಾ. "ಕತ್ತಲಲ್ಲಿ ಬಂದು ಏನು ನೋಡೋದು?" ಅಂತ ಫೋನಿನಲ್ಲಿ ಕೇಳಿದೆವು. "ಬೆಳಕು ನೋಡೋಕೆ ಬನ್ನಿ" ಅಂದಳು. ಬೆಂಗಳೂರಿನಿಂದ ಕೆಲವರು, ಜರ್ಮನಿಯಿಂದ ಒಂದು ಜೋಡಿ, ಎಲ್ಲರೂ ರಜೆ ಹೊಂದಿಸಿಕೊಂಡು ಸಂಕ್ರಾಂತಿ ಮುಗಿಸಿ ಹೊರಟೆವು.

ಬಟ್ಟೆಯ ವಿಷಯದಲ್ಲಿ ಅವಳದ್ದು ಕಟ್ಟುನಿಟ್ಟು. ಮೈಗೆ ಅಂಟುವ ಒಳ ಅಂಗಿ, ಪ್ಯಾಂಟು ಉಣ್ಣೆಯದ್ದೇ ಆಗಬೇಕು, ಹತ್ತಿಯದ್ದು ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗುತ್ತೆ, ನಿಂತ ತಕ್ಷಣ ಮೈ ತಣ್ಣಗಾಗುತ್ತೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತೆ. ಅದರ ಮೇಲೆ ಇನ್ನೊಂದು ಪದರ, ಕೊನೆಗೆ ಗಾಳಿ ತಡೆಯುವ ಜಾಕೆಟ್. ಬೂಟಿಗೆ ಸಿಕ್ಕಿಸುವ ಕಬ್ಬಿಣದ ಮುಳ್ಳಿನ ರಬ್ಬರ್ ಪಟ್ಟಿಯನ್ನು ಅಲ್ಲೇ ಅಂಗಡಿಯಲ್ಲಿ ಕೊಂಡೆವು. ಹಿಮಕ್ಕಿಂತ ಅಪಾಯ ಅದು ಕರಗಿ ಮತ್ತೆ ಗಟ್ಟಿಯಾದ ಮಂಜುಗಡ್ಡೆಯದು. ಅದರ ಮೇಲೆ ಈ ಪಟ್ಟಿ ಇಲ್ಲದೆ ನಡೆಯೋಕೆ ಆಗಲ್ಲ. ಅಲ್ಲಿನ ಅಜ್ಜ ಅಜ್ಜಿಯರೂ ಇದನ್ನು ಹಾಕಿಕೊಂಡು ಆರಾಮಾಗಿ ಮಾರ್ಕೆಟ್ಟಿಗೆ ಹೋಗುತ್ತಾರೆ.

ಓಸ್ಲೊದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬೆಳಕು, ನಾಲ್ಕಕ್ಕೆ ಸಂಜೆ. ಅಷ್ಟರಲ್ಲೇ ವಿಗೆಲಾಂಡ್ ಪಾರ್ಕಿಗೆ ಹೋಗಿಬಂದೆವು. ಗುಸ್ತಾವ್ ವಿಗೆಲಾಂಡ್ ಮಾಡಿದ 200ಕ್ಕೂ ಹೆಚ್ಚು ಶಿಲ್ಪಗಳು ಬಯಲಲ್ಲಿ ನಿಂತಿವೆ. ಹೆಚ್ಚಿನವು ಬೆತ್ತಲೆ ಮನುಷ್ಯರೇ. ಮಗುವನ್ನು ಎತ್ತಿದ ಅಪ್ಪ, ಜಗಳವಾಡುವ ಜೋಡಿ, ಬೆನ್ನು ಬಾಗಿದ ಮುದುಕಿ. ನಡುವೆ ಒಂದೇ ಗ್ರಾನೈಟ್ ಬಂಡೆಯಲ್ಲಿ ಕೆತ್ತಿದ ಕಂಬ, ಅದರ ತುಂಬ ಒಬ್ಬರ ಮೇಲೊಬ್ಬರು ಹತ್ತುವ 121 ಮನುಷ್ಯರು. ಅವತ್ತು ಆ ಕಲ್ಲಿನ ಹೆಗಲು, ತಲೆಗಳ ಮೇಲೆಲ್ಲ ಹಿಮ ಕೂತಿತ್ತು. ಅಜ್ಜಿಯ ಮಡಿಲಲ್ಲೂ ಒಂದು ಹಿಡಿ. ಫ್ರಾಮ್ ಮ್ಯೂಸಿಯಂಗೂ ಹೋದೆವು. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ಅಂಟಾರ್ಕ್ಟಿಕಾಕ್ಕೆ ಹೋದ ಹಡಗೇ ಅಲ್ಲಿದೆ. ಒಳಗೆ ಹತ್ತಿ ಇಳಿಯಬಹುದು. ಮಲಗುವ ಕೋಣೆಗಳು ಎಷ್ಟು ಚಿಕ್ಕವು ಅಂದರೆ, ಅಂಥ ಜಾಗದಲ್ಲಿ ವರ್ಷಗಟ್ಟಲೆ ಬದುಕಿದವರ ಬಗ್ಗೆ ಗೌರವ ತಾನಾಗಿಯೇ ಬರುತ್ತೆ.

ನಿಜವಾದ ಪ್ರವಾಸ ಶುರುವಾದದ್ದು ಬರ್ಗೆನ್ ರೈಲಿನಲ್ಲಿ. 1909ರಲ್ಲಿ ತೆರೆದ ಈ ದಾರಿ ಓಸ್ಲೊವನ್ನು ಪಶ್ಚಿಮ ಕರಾವಳಿಯ ಬರ್ಗೆನ್‌ಗೆ ಜೋಡಿಸುತ್ತೆ. ಪೂರ್ತಿ ಹೋದರೆ ಸುಮಾರು ಏಳು ಗಂಟೆ. ಟಿಕೆಟ್ ಮುಂಚೆಯೇ ಮಾಡಿಸಿದರೆ ತುಂಬಾ ಅಗ್ಗ, ಕೊನೆ ಗಳಿಗೆಯಲ್ಲಿ ಜಾಸ್ತಿ. ಬೆಳಗಿನ ರೈಲನ್ನೇ ಹಿಡಿಯಬೇಕು, ಯಾಕಂದರೆ ಘಟ್ಟ ಹತ್ತುವ ಹೊತ್ತಿಗೆ ಬೆಳಕು ಬೇಕು. ಹೊರಟಾಗ ಕಿಟಕಿಯಲ್ಲಿ ನಮ್ಮ ಮುಖವೇ ಕಾಣುತ್ತಿತ್ತು. ಆಮೇಲೆ ನಿಧಾನಕ್ಕೆ ಪೈನ್ ಮರಗಳು ಮೂಡಿದವು, ಆಮೇಲೆ ಹೆಪ್ಪುಗಟ್ಟಿದ ನದಿ. ಗೈಲೊ ದಾಟಿದ ಮೇಲೆ ಮರಗಳು ಚಿಕ್ಕದಾಗುತ್ತಾ ಹೋಗಿ ಪೂರ್ತಿ ಮಾಯವಾದವು. ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ಫಿನ್ಸೆ ಈ ದಾರಿಯ ಅತಿ ಎತ್ತರದ ನಿಲ್ದಾಣ, 1,222 ಮೀಟರ್. ಊರಿಗೆ ಕಾರು ಹೋಗುವ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ಅಲ್ಲಿಗೆ ಹೋಗೋಕೆ ರೈಲೇ ಗತಿ. ಸ್ಕೀ ಹೊತ್ತ ಒಂದು ಕುಟುಂಬ ಇಳಿಯಿತು. ಚಿಕ್ಕ ಮಗುವನ್ನು ತೊಟ್ಟಿಲಿನಂಥ ಗಾಡಿಯಲ್ಲಿ ಮಲಗಿಸಿ, ಅದರ ಹಗ್ಗವನ್ನು ಅಪ್ಪ ಸೊಂಟಕ್ಕೆ ಕಟ್ಟಿಕೊಂಡ. ಪ್ಲಾಟ್‌ಫಾರಂ ದಾಟಿ ಆ ಬಿಳಿ ಬಯಲಿಗೆ ಎಲ್ಲರೂ ಜಾರಿಕೊಂಡು ಹೊರಟೇಬಿಟ್ಟರು. ಬಾಗಿಲು ಮುಚ್ಚುವವರೆಗೂ ನೋಡುತ್ತಾ ನಿಂತೆವು. ಚಳಿಗಾಲ ಇವರಿಗೆ ಒಳಗೆ ಕೂರುವ ಕಾಲವಲ್ಲ.

ಮ್ಯೂರ್ದಾಲ್‌ನಲ್ಲಿ ಇಳಿದು ಫ್ಲೋಮ್ ರೈಲು ಹತ್ತಿದೆವು. 867 ಮೀಟರ್ ಎತ್ತರದಿಂದ ಹೆಚ್ಚುಕಡಿಮೆ ಸಮುದ್ರ ಮಟ್ಟಕ್ಕೆ, ಬರೀ 20 ಕಿಲೋಮೀಟರಿನಲ್ಲಿ ಇಳಿಯುತ್ತೆ. ದಾರಿಯಲ್ಲಿ 20 ಸುರಂಗ, ಅದರಲ್ಲಿ 18 ಕೈಯಲ್ಲೇ ಕೊರೆದದ್ದು. ಒಂದು ಕಡೆ ದಾರಿ ಬೆಟ್ಟದ ಹೊಟ್ಟೆಯೊಳಗೇ ತಿರುಗಿ ಎದುರು ದಿಕ್ಕಿಗೆ ಮುಖ ಮಾಡಿ ಹೊರಗೆ ಬರುತ್ತೆ. ಕ್ಯೋಸ್‌ಫೊಸೆನ್ ಜಲಪಾತ ಬಂಡೆಗೆ ಅಂಟಿಕೊಂಡು ಹೆಪ್ಪುಗಟ್ಟಿತ್ತು. ಬೀಳುತ್ತಿದ್ದ ನೀರು ಬಿದ್ದ ರೂಪದಲ್ಲೇ ನಿಂತಿತ್ತು, ಕೆಲವು ಕಡೆ ಬಿಳಿ, ಕೆಲವು ಕಡೆ ಬಾಟಲಿ ಗಾಜಿನ ಹಸಿರು. ಕಿವಿಗೊಟ್ಟರೆ ಒಳಗೆಲ್ಲೋ ಸಣ್ಣಗೆ ನೀರು ಹರಿಯುವ ಸದ್ದು. ಬೇಸಿಗೆಯಲ್ಲಿ ಈ ರೈಲಿನಲ್ಲಿ ಜನಜಂಗುಳಿ ಇರುತ್ತಂತೆ. ನಮ್ಮ ಬೋಗಿಯಲ್ಲಿ ಆ ಕಡೆ ಈ ಕಡೆ ಓಡಾಡಿ ಎರಡೂ ಕಿಟಕಿಯಿಂದ ನೋಡುವಷ್ಟು ಜಾಗ ಇತ್ತು.

ಮರುದಿನ ಫ್ಲೋಮ್‌ನಿಂದ ಗುಡ್ವಾಂಗೆನ್‌ಗೆ ದೋಣಿ. ದಾರಿಯ ನೇರೊಯ್ ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನಾಡಿಗೆ ನುಗ್ಗಿದ ಸಮುದ್ರದ ಕವಲು, 2005ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಕ್ಕಟ್ಟಾದ ಕಡೆ ಅದರ ಅಗಲ 250 ಮೀಟರ್ ಅಷ್ಟೇ, ಎರಡೂ ಕಡೆ ಗೋಡೆಯಂಥ ಬೆಟ್ಟ. ಈಗ ಇಲ್ಲಿ ಓಡುವುದು ಬ್ಯಾಟರಿ ಹಡಗು. ಇಂಜಿನ್ ಸದ್ದಿಲ್ಲ, ಹೊಗೆ ವಾಸನೆಯಿಲ್ಲ. ಡೆಕ್ ಮೇಲೆ ನಿಂತರೆ ಕೇಳುವುದು ನೀರು ಸೀಳುವ ಸದ್ದು ಮಾತ್ರ. ಆ ಬಂಡೆಗಳ ಬುಡದಲ್ಲಿ ಎರಡು ಮೂರು ಮನೆಗಳ ಹಳ್ಳಿಗಳಿವೆ, ಕಿಟಕಿಗಳಲ್ಲಿ ದೀಪ. ಉಂಡ್ರೆದಾಲ್ ಎಂಬ ಹಳ್ಳಿ ಆಡಿನ ಹಾಲಿನ ಚೀಸಿಗೆ ಹೆಸರುವಾಸಿ. ನಾರ್ವೆಯವರ ಕಂದು ಚೀಸನ್ನು ಆ ಹಡಗಿನಲ್ಲೇ ಮೊದಲು ತಿಂದೆ. ಹಾಲು ಒಡೆದ ಮೇಲೆ ಉಳಿದ ನೀರನ್ನು ಗಂಟೆಗಟ್ಟಲೆ ಕಾಯಿಸುತ್ತಾರೆ. ಅದರಲ್ಲಿರುವ ಸಕ್ಕರೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತೆ. ಉಪ್ಪು ಹಾಕಿದ ಧಾರವಾಡ ಪೇಡದ ಹಾಗೆ ರುಚಿ. ಬಿಸಿ ವಾಫಲ್ ಮೇಲೆ ತೆಳ್ಳಗೆ ಹೆರೆದು ಹಾಕಿ, ಜೊತೆಗೆ ಜಾಮ್. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಮುಂದಿನ ದಿನಗಳಲ್ಲಿ ಇದೇ ಆಧಾರವಾಯಿತು. ಹೋಟೆಲ್ ಊಟ ತುಂಬಾ ದುಬಾರಿ, ತರಕಾರಿಯದ್ದು ಕಡಿಮೆ. ಅಡುಗೆಮನೆ ಇರುವ ಮನೆಗಳನ್ನೇ ಬಾಡಿಗೆಗೆ ಹಿಡಿದು ಅನ್ನ, ಸಾರು, ಉಪ್ಪಿಟ್ಟು ಮಾಡಿಕೊಂಡೆವು. ಯಾರಾದರೂ ಹೋಗುವುದಿದ್ದರೆ ನಾನು ಹೇಳುವುದೂ ಅದನ್ನೇ.

ಬರ್ಗೆನ್‌ನಲ್ಲಿ ಇದ್ದಷ್ಟೂ ಹೊತ್ತು ಮಳೆ. ಬ್ರಿಗೆನ್‌ನ ಹಳೇ ಮರದ ಕಟ್ಟಡಗಳ ನಡುವಿನ ಓಣಿಯಲ್ಲಿ ಕೊಡೆ ಹಿಡಿದು ಓಡಾಡಿದೆವು. 1702ರ ಬೆಂಕಿಯ ನಂತರ ಮತ್ತೆ ಕಟ್ಟಿದವು ಅವು, ಒಂದಕ್ಕೊಂದು ವಾಲಿಕೊಂಡಿವೆ. ಉತ್ತರದಿಂದ ಬಂದ ಒಣಮೀನು ಕೊಟ್ಟು ಜರ್ಮನ್ ವರ್ತಕರಿಂದ ಧಾನ್ಯ ಪಡೆಯುತ್ತಿದ್ದದ್ದು ಇಲ್ಲೇ. ಆ ಉತ್ತರಕ್ಕೆ ನಾವು ವಿಮಾನ ಹತ್ತಿದೆವು.

ಟ್ರೊಮ್ಸೊ ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿಲೋಮೀಟರ್ ಉತ್ತರಕ್ಕಿದೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ದಿಗಂತದಿಂದ ಮೇಲೆ ಬರುವುದೇ ಇಲ್ಲ. ಆದರೂ ಸಮುದ್ರ ಹೆಪ್ಪುಗಟ್ಟಲ್ಲ, ಅಟ್ಲಾಂಟಿಕ್‌ನಿಂದ ಬರುವ ಬೆಚ್ಚಗಿನ ಪ್ರವಾಹದ ಪುಣ್ಯ. ಗೆಳತಿ ಹೇಳಿದ್ದ ಬೆಳಕು ಏನು ಅಂತ ಗೊತ್ತಾದದ್ದು ಇಲ್ಲಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆಕಾಶ ಕಪ್ಪಿನಿಂದ ನೀಲಿಗೆ ತಿರುಗುತ್ತೆ. ಹಿಮಕ್ಕೂ ಅದೇ ನೀಲಿ, ನೀರಿಗೂ ಅದೇ, ಬೆಟ್ಟಕ್ಕೂ ಅದೇ. ಮಧ್ಯಾಹ್ನ ದಕ್ಷಿಣದಲ್ಲಿ ಗುಲಾಬಿ, ಕಿತ್ತಳೆ ಬಣ್ಣ ಏರುತ್ತೆ, ಎದುರಿನ ಶಿಖರಗಳು ಕೆಂಪಾಗುತ್ತವೆ. ನೆರಳೇ ಇಲ್ಲ. ಆಮೇಲೆ ಮತ್ತೆ ನೀಲಿ. ಕೇಬಲ್ ಕಾರಿನಲ್ಲಿ 421 ಮೀಟರ್ ಎತ್ತರದ ಬೆಟ್ಟಕ್ಕೆ ಹೋದರೆ ದ್ವೀಪದ ಮೇಲಿನ ಇಡೀ ಊರು, ಸೇತುವೆ, 1965ರ ಬಿಳಿ ತ್ರಿಕೋನಗಳ ಚರ್ಚು, ಎಲ್ಲ ಆ ಬಣ್ಣದಲ್ಲಿ ಮುಳುಗಿರುತ್ತವೆ. ಬರೀ ನಾರ್ದರ್ನ್ ಲೈಟ್ಸ್‌ಗಾಗಿ, ಅಂದರೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕಿಗಾಗಿ, ಇಲ್ಲಿಗೆ ಬರುವವರಿಗೆ ನನ್ನದೊಂದು ಮಾತು: ಮಧ್ಯಾಹ್ನದ ಹೊತ್ತು ಮಲಗಬೇಡಿ.

ಊರ ಹೊರಗೆ, ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಒಂದು ಕುಟುಂಬದ ಹಿಮಸಾರಂಗಗಳ ಬಳಿ ಹೋಗಿದ್ದೆವು. ಬಕೆಟ್ ಹಿಡಿದು ನಿಂತರೆ ಮೂಗು ತೂರಿಸಿ ತಳ್ಳುತ್ತವೆ. ಈ ಜಾತಿಯಲ್ಲಿ ಹೆಣ್ಣಿಗೂ ಕೊಂಬು ಇರುತ್ತೆ. ದೊಡ್ಡ ಗಂಡುಗಳ ಕೊಂಬು ಚಳಿಗಾಲದ ಶುರುವಿಗೇ ಉದುರುತ್ತೆ, ಹೆಣ್ಣಿನದ್ದು ವಸಂತದವರೆಗೆ ಉಳಿಯುತ್ತೆ. ಹೊಟ್ಟೆಯಲ್ಲಿ ಮರಿ ಇರುವಾಗ ಮೇವಿನ ಜಾಗ ಕಾಪಾಡಿಕೊಳ್ಳಬೇಕಲ್ಲ. ಡೇರೆಯೊಳಗೆ ಬೆಂಕಿಯ ಸುತ್ತ ಕೂತಾಗ ನಮ್ಮನ್ನು ಕರೆದೊಯ್ದ ಹುಡುಗಿ ಒಂದು ಯೊಯ್ಕ್, ಅಂದರೆ ಸಾಮಿಗಳ ಸಾಂಪ್ರದಾಯಿಕ ಹಾಡು, ಹಾಡಿದಳು. ಅವಳ ಅಜ್ಜಿಯ ಕಾಲದಲ್ಲಿ ಶಾಲೆಯಲ್ಲಿ ಸಾಮಿ ಭಾಷೆ ಆಡುವ ಹಾಗಿರಲಿಲ್ಲ ಅಂತ ಹೇಳಿದಳು. ಸಾಮಿ ಸಂಸತ್ತು ಶುರುವಾದದ್ದು 1989ರಲ್ಲಿ. 1997ರಲ್ಲಿ ರಾಜ ಹರಾಲ್ಡ್ ಅಲ್ಲೇ ನಿಂತು ಕ್ಷಮೆ ಕೇಳಿದರು. ಅಜ್ಜಿ ಕಲಿಸದೆ ಬಿಟ್ಟ ಭಾಷೆಯನ್ನು ಈಗ ಮೊಮ್ಮಗಳು ಕೋರ್ಸಿಗೆ ಸೇರಿ ಕಲಿಯುತ್ತಿದ್ದಾಳೆ. ಕೇಳಿ ನಮಗೆಲ್ಲ ಹೊಟ್ಟೆಯಲ್ಲಿ ಸಂಕಟವಾಯಿತು.

ನಾರ್ದರ್ನ್ ಲೈಟ್ಸ್ ಕೂಡ ಕಂಡಿತು, ಅದು ನಮ್ಮ ಅದೃಷ್ಟ. ಟ್ರೊಮ್ಸೊ ಮೇಲೆ ಮೋಡ ಕವಿದಿದ್ದರಿಂದ ವ್ಯಾನಿನ ಗೈಡ್ ಫಿನ್‌ಲ್ಯಾಂಡ್ ಗಡಿಯ ಕಡೆ ಕರೆದುಕೊಂಡು ಹೋದ. ಒಳನಾಡಿಗೆ ಹೋದ ಹಾಗೆ ಆಕಾಶ ತಿಳಿ, ಚಳಿ ಜಾಸ್ತಿ. ಫೋನಿನ ಬ್ಯಾಟರಿ ನೋಡನೋಡುತ್ತಲೇ ಇಳಿಯಿತು. ಮೊದಲು ಕಂಡದ್ದು ಬೂದು ಬಣ್ಣದ ಒಂದು ಪಟ್ಟಿ, ಕ್ಯಾಮೆರಾದಲ್ಲಿ ಮಾತ್ರ ಹಸಿರು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯಲ್ಲ. ಸ್ವಲ್ಪ ಹೊತ್ತಿಗೆ ಅದೇ ಪಟ್ಟಿ ಬಿಚ್ಚಿಕೊಂಡಿತು. ನಡುನೆತ್ತಿಯವರೆಗೂ ಹಸಿರು, ಅಂಚಿನಲ್ಲಿ ಗುಲಾಬಿ, ಅಷ್ಟು ವೇಗದ ಓಡಾಟ. ಕ್ಯಾಮೆರಾ ಎಲ್ಲರೂ ಕೆಳಗಿಟ್ಟರು. ಸೂರ್ಯನಿಂದ ಬರುವ ಕಣಗಳನ್ನು ಭೂಮಿಯ ಕಾಂತಶಕ್ತಿ ಧ್ರುವಗಳ ಕಡೆಗೆ ಎಳೆಯುತ್ತೆ. ಅವು ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕಕ್ಕೆ ಬಡಿದಾಗ ಹಸಿರು, ಸಾರಜನಕಕ್ಕೆ ಬಡಿದಾಗ ಆ ಗುಲಾಬಿ. ಇದನ್ನು ನೂರಕ್ಕೂ ಹೆಚ್ಚು ವರ್ಷದ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಕಾಂತದ ಗೋಲ ಇಟ್ಟು ತೋರಿಸಿದವರು ನಾರ್ವೆಯ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾಂಡ್. ಹಳೇ 200 ಕ್ರೋನರ್ ನೋಟಿನಲ್ಲಿ ಅವರ ಚಿತ್ರ ಇತ್ತು. 2017ರಲ್ಲಿ ಬಂದ ಹೊಸ ನೋಟಿನಲ್ಲಿ ಕಾಡ್ ಎಂಬ ಸಮುದ್ರದ ಮೀನಿದೆ.

ಗೆಳತಿ ಜನವರಿ 21ನ್ನು ಬೇಕಂತಲೇ ನಮ್ಮ ಲೆಕ್ಕದಲ್ಲಿ ಸೇರಿಸಿದ್ದಳು. ಟ್ರೊಮ್ಸೊದಲ್ಲಿ ಅದು ಸೂರ್ಯನ ದಿನ. ಅದಕ್ಕೆ ಮುಂಚೆಯೇ ಸೂರ್ಯ ದಿಗಂತ ದಾಟಿದರೂ ದಕ್ಷಿಣದ ಬೆಟ್ಟಗಳು ಅಡ್ಡ ಬರುತ್ತವೆ, ಊರೊಳಗೆ ಕಾಣಿಸುವುದು ಅವತ್ತಿನಿಂದ. ಬೆಳಿಗ್ಗೆಯಿಂದಲೇ ಬೇಕರಿಗಳ ಮುಂದೆ ಸಾಲು. ಎಣ್ಣೆಯಲ್ಲಿ ಕರಿದ, ಒಳಗೆ ಜಾಮ್ ತುಂಬಿದ ದುಂಡನೆ ಬನ್ನನ್ನು ಅವತ್ತು ಊರೆಲ್ಲ ತಿನ್ನುತ್ತೆ. ಮಧ್ಯಾಹ್ನದ ಹೊತ್ತಿಗೆ ಬಂದರಿನ ಬಳಿ ನಿಂತೆವು. ಮೋಡ ಸರಿಯುತ್ತೋ ಇಲ್ಲವೋ ಅಂತ ಎಲ್ಲರ ಕಣ್ಣೂ ಒಂದೇ ಕಡೆ. ಎರಡು ಬೆಟ್ಟಗಳ ನಡುವೆ ಒಂದು ಚೂರು ಬಂಗಾರ ಇಣುಕಿತು. ಹಿಂದೆ ನಿಂತಿದ್ದ ಮಕ್ಕಳು ಕೂಗಿದರು, ದೊಡ್ಡವರು ಮುಖ ಎತ್ತಿ ಕಣ್ಣು ಮುಚ್ಚಿಕೊಂಡರು. ಕೆಲವೇ ನಿಮಿಷ, ಮತ್ತೆ ಮರೆಯಾಯಿತು.

ನಮ್ಮ ಗುಂಪಿನ ಮೈಸೂರಿನವಳು ಬ್ಯಾಗಿನಿಂದ ಎಳ್ಳುಬೆಲ್ಲದ ಡಬ್ಬಿ ತೆಗೆದಳು. ಹಬ್ಬದ ಹೊತ್ತಿಗೆ ಅವಳ ಅಮ್ಮ ಕಳಿಸಿದ್ದು, ಜೊತೆಗೆ ಎರಡು ಸಕ್ಕರೆ ಅಚ್ಚು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಕೈಯಲ್ಲಿದ್ದ ಬನ್ನಿನಲ್ಲಿ ಅರ್ಧ ಮುರಿದು ನಮಗೆ ಕೊಟ್ಟಿದ್ದರು. ಅವರ ಕೈಗವಸು ತೆಗೆಸಿ ಅಂಗೈಗೆ ಒಂದು ಹಿಡಿ ಸುರಿದೆವು. ನಮ್ಮ ಊರಿನಲ್ಲೂ ಸೂರ್ಯ ಉತ್ತರಕ್ಕೆ ತಿರುಗುವುದಕ್ಕೆ ಇದನ್ನು ಹಂಚುತ್ತೇವೆ ಅಂತ ಗೆಳತಿ ನಾರ್ವೆ ಭಾಷೆಯಲ್ಲಿ ವಿವರಿಸಿದಳು. ಅಜ್ಜಿ ಒಣಕೊಬ್ಬರಿ ಚೂರನ್ನು ಎತ್ತಿ ನೋಡಿ, ಬೆಲ್ಲವನ್ನು ಮೊದಲು ಬಾಯಿಗೆ ಹಾಕಿಕೊಂಡರು. ಆಮೇಲೆ ತಮ್ಮ ಮೊಮ್ಮಗನನ್ನು ಕೂಗಿ ಕರೆದು ಅವನ ಪಾಲನ್ನೂ ಕೇಳಿದರು.